ಖಾಲಿ ವಕಾಲತ್ತಿಗೆ ಇನ್ನು ಹೆಬ್ಬೆಟ್ಟಿಲ್ಲ

ಬೆಳುವಾಯಿಯಲ್ಲಿ ಬೀಡಿ ಕಟ್ಟಿ ಬದುಕುವ ಹೆಂಗಸಿನ ಮನೆಗೆ ಕೋರ್ಟಿನ ಸಮನ್ಸ್ ಬಂದರೆ ಆಕೆ ನೇರ ವಕೀಲರ ಹತ್ತಿರ ಹೋಗುವುದಿಲ್ಲ. ವಕೀಲರು ಯಾರು, ಎಲ್ಲಿದ್ದಾರೆ, ಎಷ್ಟು ಕೇಳುತ್ತಾರೆ ಎಂದು ಆಕೆಗೆ ಯಾರೂ ಹೇಳಿಲ್ಲ. ಆಕೆ ಹೋಗುವುದು ಬೀಡಿ ಬ್ರಾಂಚಿನಲ್ಲಿ ಯಾರೋ ಹೆಸರು ಹೇಳಿದ, ‘ಕೋರ್ಟು ಕಚೇರಿ ಎಲ್ಲ ಗೊತ್ತಿರುವ’ ಒಬ್ಬ ಗಂಡಸಿನ ಬಳಿಗೆ. ಅವನಿಗೆ ಸನ್ನದಿಲ್ಲ. ಅವನು ಯಾವ ವಕೀಲರ ಗುಮಾಸ್ತನೂ ಅಲ್ಲ. ಮೂಡುಬಿದಿರೆ, ಕಾರ್ಕಳ, ಬಂಟ್ವಾಳ, ಬೆಳ್ತಂಗಡಿ ಎಂದು ಕೋರ್ಟಿನ ಅಂಗಳಗಳಲ್ಲಿ ಸುತ್ತುವುದೇ ಅವನ ಕಸುಬು. ಆ ಹೆಂಗಸಿನ ನಂಬ್ರ ಅವನ ಜಗಲಿಯಲ್ಲೇ ಮಾರಾಟವಾಗುತ್ತದೆ. ಈ ಮಾರಾಟ ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ ಎಂದು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವ ಹೆಂಗಸಿಗೂ ವಕೀಲರು ಉಚಿತ. ಬಡವಿಗೆ ಮಾತ್ರ ಅಲ್ಲ, ಎಲ್ಲ ಹೆಂಗಸರಿಗೂ. ಗಂಡನ ಸಂಬಳ ಎಷ್ಟು, ಜಾಗೆ ಎಷ್ಟು ಸೆಂಟ್ಸ್, ರೇಷನ್ ಕಾರ್ಡ್ ಯಾವುದು ಎಂದು ಕೇಳುವ ಹಾಗಿಲ್ಲ. ಮಕ್ಕಳಿಗೆ ಇದೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಇದೆ, ಅಂಗವಿಕಲರಿಗೆ ಇದೆ, ಕಾರ್ಖಾನೆ ಕಾರ್ಮಿಕರಿಗೆ ಇದೆ, ಲಾಕಪ್ಪಿನಲ್ಲೋ ಜೈಲಿನಲ್ಲೋ ಇರುವವರಿಗೆ ಇದೆ, ನೆರೆಯಲ್ಲಿ ಮನೆ ಕಳಕೊಂಡವರಿಗೂ ಇದೆ. ಉಳಿದವರಿಗೆ ಮಾತ್ರ ಆದಾಯದ ಮಿತಿ, ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ. ವಕೀಲರ ಫೀಸು ಮಾತ್ರವಲ್ಲ, ಕೋರ್ಟು ಶುಲ್ಕವನ್ನೂ ಪ್ರಾಧಿಕಾರವೇ ನೋಡಿಕೊಳ್ಳಬೇಕು. ಈ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅಂದಿನಿಂದ ಇಂದಿನ ತನಕ ಬೆಳುವಾಯಿಯ ಎಷ್ಟು ಹೆಂಗಸರಿಗೆ ಇದು ಗೊತ್ತಾಗಿದೆ? ಪೋಲಿಯೊ ಹನಿ ಹಾಕಲು ನಮ್ಮ ಅಂಗಳಕ್ಕೆ ಬಂದ ಸರಕಾರ, ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಬರುವ ಸರಕಾರ, ಈ ಒಂದು ಮಾತನ್ನು ಹೇಳಲು ಯಾಕೆ ಬರಲಿಲ್ಲ? ಬಾರದ್ದರಿಂದ ಯಾರು ಉಂಡರು? ಜಗಲಿಯಲ್ಲಿ ಕೂತ ಆ ಗಂಡಸು ಉಂಡ.

ನನ್ನ ದೊಡ್ಡಮ್ಮನ ನಂಬ್ರದ ವಿಷಯ ಹೇಳುತ್ತೇನೆ. ಪಕ್ಕದ ಜಾಗೆಯವರು ಗಡಿಯ ತಕರಾರು ತೆಗೆದು ದಾವೆ ಹಾಕಿದರು. ದೊಡ್ಡಮ್ಮನನ್ನು ಪೇಟೆಗೆ ಕರಕೊಂಡು ಹೋದದ್ದು ಇಂಥದ್ದೇ ಒಬ್ಬ ಮಧ್ಯವರ್ತಿ. ವಕೀಲರ ಕಚೇರಿಯಲ್ಲಿ ವಕೀಲರು ಇರಲಿಲ್ಲ. ಮೇಜಿನ ಮೇಲೆ ಒಂದು ವಕಾಲತ್ತಿನ ಫಾರಂ ಬಿಡಿಸಿದರು. ಮೇಲೆ ಕೋರ್ಟಿನ ಹೆಸರಿಗೆ ಜಾಗ, ಅದರ ಕೆಳಗೆ ನಂಬ್ರಕ್ಕೆ ಜಾಗ, ವಾದಿ ಮತ್ತು ಪ್ರತಿವಾದಿಗೆ ಒಂದೊಂದು ಗೆರೆ, ಆಮೇಲೆ ವಕೀಲರ ಹೆಸರಿಗೆ ಒಂದು ಗೆರೆ. ಎಲ್ಲವೂ ಖಾಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದದ್ದು ಮಾತ್ರ ತುಂಬ ಇತ್ತು: ನನ್ನ ಪರವಾಗಿ ರಾಜಿ ಮಾಡಿಕೊಳ್ಳಲು, ದಾವೆ ಹಿಂತೆಗೆದುಕೊಳ್ಳಲು, ಹಣ ಪಡೆದುಕೊಳ್ಳಲು ಅಧಿಕಾರ ಕೊಟ್ಟಿದ್ದೇನೆ ಎಂದು. ದೊಡ್ಡಮ್ಮ ಓದಲು ಬಗ್ಗಿದರು. ಅವನು ಹೇಳಿದ: “ಅಕ್ಕಾ, ನೀವು ಒಂದು ಸೈನ್ ಹಾಕಿ, ಬಾಕಿದ್ದು ನಾನು ನೋಡಿಕೊಳ್ತೇನೆ. ನಿಮಗೆ ಯಾಕೆ ತಲೆಬಿಸಿ?” ದೊಡ್ಡಮ್ಮ ಹಾಕಿದರು. ಹೊಗೆಸೊಪ್ಪಿನ ಪುಡಿ ಹತ್ತಿ ಕಪ್ಪಾದ ಬೆರಳಿನಿಂದ, ಎರಡು ಪ್ರತಿಗೆ.

ಆ ಮೇಲೆ ವಾರ ವಾರದ ಬೀಡಿ ಮಜೂರಿ ಅವನ ಕೈಗೆ ಹೋಯಿತು. ರಶೀದಿ ಒಂದಕ್ಕೂ ಇಲ್ಲ. ಕೇಳಿದಾಗಲೆಲ್ಲ “ವಾಯಿದೆ ಮುಂದೆ ಹೋಗಿದೆ, ನೀವು ಬರುವುದು ಬೇಡ” ಎಂಬ ಉತ್ತರ. ಕೊನೆಗೆ ಮನೆಗೆ ಬಂದವರು ಕೋರ್ಟಿನ ಅಮೀನರು. ಜವಾಬು ಹಾಕದೆ ಕೇಸು ಎಕ್ಸ್‌ಪಾರ್ಟಿ ಆಗಿ ಡಿಕ್ರಿ ಆಗಿತ್ತು. ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿಸಲು ಅರ್ಜಿ ಹಾಕಬೇಕಾದದ್ದು 30 ದಿನದೊಳಗೆ. ಆ ಅವಧಿ ದಾಟಿ ಎಷ್ಟೋ ದಿನ ಆಗಿತ್ತು. ತಡ ಮನ್ನಿಸಿ ಎಂದು ಕೇಳುವ ದಾರಿ ಇದೆ, ವಕೀಲರ ತಪ್ಪಿಗೆ ಕಕ್ಷಿದಾರನನ್ನು ದಂಡಿಸಬಾರದು ಎಂದು 1981ರಲ್ಲೇ ರಫೀಕ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಆ ದಾರಿ ಹಿಡಿಯಲೂ ಇನ್ನೊಬ್ಬ ವಕೀಲರು ಬೇಕು, ಮತ್ತೆ ಫೀಸು ಬೇಕು. ದೊಡ್ಡಮ್ಮ ಹೆಂಗಸು. ಮೊದಲ ದಿನದಿಂದ ಕೊನೆಯ ದಿನದ ತನಕ ಅವರಿಗೆ ಒಂದು ಪೈಸೆ ಖರ್ಚಾಗಬಾರದಿತ್ತು! ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ.

ವಕೀಲರು ಜಾಹೀರಾತು ಕೊಡಬಾರದು ಎಂಬ ನಿಯಮ ಇದೆ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದು. ಕಾನೂನು ವ್ಯಾಪಾರವಲ್ಲ, ವಕೀಲರು ಪಾರ್ಟಿ ಹಿಡಿಯಲು ಬೀದಿಗೆ ಇಳಿಯಬಾರದು ಎಂಬ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಆ ನಿಯಮವನ್ನು ಪಾಲಿಸುವ ಮರ್ಯಾದಸ್ಥ ವಕೀಲರು ತಮ್ಮ ಬೋರ್ಡಿನ ಹಿಂದೆ ಸುಮ್ಮನೆ ಕೂತಿರುತ್ತಾರೆ, ನಿಯಮಕ್ಕೆ ಒಳಪಡದ ದಲ್ಲಾಳಿ ಆಸ್ಪತ್ರೆಯ ಬಾಗಿಲಲ್ಲಿ, ಠಾಣೆಯ ಮೆಟ್ಟಿಲಲ್ಲಿ, ತಾಲೂಕು ಕಚೇರಿಯ ಮರದಡಿಯಲ್ಲಿ ಜನರನ್ನು ಹಿಡಿಯುತ್ತಾನೆ. 2008ರಲ್ಲಿ ನಿಯಮ ತಿದ್ದಿ, ವಕೀಲರು ತಮ್ಮ ಹೆಸರು, ವಿಳಾಸ, ಫೋನು, ನೋಂದಣಿ ವಿವರ, ಓದು, ಯಾವ ತರಹದ ಕೇಸು ನಡೆಸುತ್ತಾರೆ ಎಂಬಷ್ಟನ್ನು ಅಂತರ್ಜಾಲದಲ್ಲಿ ಹಾಕಲು ಬಿಟ್ಟರು. ಅಂತರ್ಜಾಲದಲ್ಲಿ! ಸೂಪು ತೊಡೆಯ ಮೇಲಿಟ್ಟುಕೊಂಡು ಸಾವಿರ ಬೀಡಿ ಮುಗಿಸುವ ತನಕ ತಲೆ ಎತ್ತದ ಹೆಂಗಸಿಗೆ ಅದರಿಂದ ಏನಾಯಿತು? ಅದೇ ವಿವರವನ್ನು ತಾಲೂಕಿನ ಎಲ್ಲ ವಕೀಲರ ಹೆಸರಿನೊಂದಿಗೆ ಒಂದು ಪಟ್ಟಿ ಮಾಡಿ ಪಂಚಾಯತ್ ಕಚೇರಿಯಲ್ಲಿ ಇಡುವುದು ವಕೀಲರ ಸಂಘಗಳಿಗೆ ಕಷ್ಟದ ಕೆಲಸವೇ?

ಅತಿ ಹೆಚ್ಚು ಹೊಲಸು ಇರುವುದು ಆ್ಯಕ್ಸಿಡೆಂಟ್ ಕೇಸುಗಳಲ್ಲಿ. ಮಗ ಬೈಕಿನಿಂದ ಬಿದ್ದು ಐಸಿಯುನಲ್ಲಿ ಮಲಗಿದ್ದಾನೆ, ಅಪ್ಪ ಹೊರಗೆ ಬೆಂಚಿನಲ್ಲಿ ಕೂತಿದ್ದಾನೆ. ಆಗಲೇ ಒಬ್ಬ ಬಂದು ಪಕ್ಕದಲ್ಲಿ ಕೂರುತ್ತಾನೆ. “ಖರ್ಚು ಎಲ್ಲ ನಮ್ಮದೇ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು.” ಇದು ಅಪ್ಪಟ ಕಾನೂನುಬಾಹಿರ. ಕೇಸಿನ ಫಲಿತಾಂಶಕ್ಕೆ ಫೀಸು ಕಟ್ಟುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ ಎಂದು ಪರಿಷತ್ತಿನ 20ನೇ ನಿಯಮ ಹೇಳುತ್ತದೆ. 2017ರಲ್ಲಿ ತೆಲಂಗಾಣದ ಸುನೀತಾ ಎಂಬವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಅಪಘಾತ ಪರಿಹಾರದಲ್ಲಿ ಪರ್ಸೆಂಟೇಜು ಕೇಳಿ ಬರೆಸಿಕೊಂಡ ಚೆಕ್ಕಿಗೆ ಕಾನೂನಿನ ಬೆಲೆ ಇಲ್ಲ ಎಂದು ಕೋರ್ಟು ಹೇಳಿತು. ಸತ್ತ ಮಗನ ಪರಿಹಾರದ ಹಣದಲ್ಲಿ ಪಾಲು ಎಣಿಸಿಕೊಳ್ಳುವವನನ್ನು ನಮ್ಮ ಊರಿನವರು ‘ಉಪಕಾರ ಮಾಡಿದವರು’ ಎನ್ನುತ್ತಾರೆ. ಆ ಮಾತನ್ನು ನಿಲ್ಲಿಸಿ.

2023ರಲ್ಲಿ ಸಂಸತ್ತು ವಕೀಲರ ಕಾಯ್ದೆಗೆ 45ಎ ಎಂಬ ಕಲಮು ಸೇರಿಸಿದೆ. ಜಿಲ್ಲಾ ನ್ಯಾಯಾಧೀಶರು ದಲ್ಲಾಳಿಗಳ ಪಟ್ಟಿ ಮಾಡಬಹುದು, ಆ ಪಟ್ಟಿಯನ್ನು ಸಂಬಂಧಪಟ್ಟ ಪ್ರತಿ ಕೋರ್ಟಿನಲ್ಲೂ ತೂಗುಹಾಕಬೇಕು, ಪಟ್ಟಿಯಲ್ಲಿ ಹೆಸರಿದ್ದವನು ಮತ್ತೆ ಅದೇ ಕೆಲಸಕ್ಕಿಳಿದರೆ 3 ತಿಂಗಳ ತನಕ ಜೈಲು. ಆ ಪಟ್ಟಿ ಎಲ್ಲಿದೆ ಎಂದು ಕೋರ್ಟಿಗೆ ಹೋದ ಪ್ರತಿಯೊಬ್ಬರೂ ಕೇಳಬೇಕು. ಕೇಳುವವರು ಇಲ್ಲದಿದ್ದರೆ ಪಟ್ಟಿ ಯಾಕೆ ಆಗುತ್ತದೆ?

ಸನ್ನದು ನೋಡುವುದು ಅಗೌರವವಲ್ಲ. 1961ರ ವಕೀಲರ ಕಾಯ್ದೆಯಂತೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಕೋರ್ಟಿನಲ್ಲಿ ನಿಮ್ಮ ಪರ ವೃತ್ತಿ ನಡೆಸಬಹುದು. ಪರಿಷತ್ತು ಕೊಟ್ಟ ಗುರುತಿನ ಚೀಟಿಯಲ್ಲಿ ನೋಂದಣಿ ಸಂಖ್ಯೆ ಮತ್ತು ವರ್ಷ ಇರುತ್ತದೆ. ನಮ್ಮ ರಾಜ್ಯದವರದ್ದು ಕೆಎಆರ್ ಎಂದು ಶುರುವಾಗುತ್ತದೆ. ಬೇರೆ ರಾಜ್ಯದಲ್ಲಿ ನೋಂದಾಯಿಸಿದವರೂ ಇಲ್ಲಿ ವಾದಿಸಬಹುದು, 30ನೇ ಕಲಮು 2011ರ ಜೂನಿನಲ್ಲಿ ಜಾರಿಗೆ ಬಂದ ಮೇಲೆ ಅದಕ್ಕೆ ಅಡ್ಡಿಯಿಲ್ಲ. ನಕಲಿ ಪದವಿಯ ಪ್ರಶ್ನೆ ಎಷ್ಟು ದೊಡ್ಡದೆಂದರೆ, 2023ರಲ್ಲಿ ದೇಶದ ಎಲ್ಲ ವಕೀಲರ ಪ್ರಮಾಣಪತ್ರ ಪರಿಶೀಲನೆಗೆ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿ ಮಾಡಬೇಕಾಯಿತು. ಹಾಗಿರುವಾಗ ಐದು ಸೆಂಟ್ಸ್ ಜಾಗೆಯನ್ನು ಒಬ್ಬರ ಕೈಗೆ ಒಪ್ಪಿಸುವ ಮೊದಲು “ನಿಮ್ಮ ನೋಂದಣಿ ನಂಬರ್ ಹೇಳಿ ಸರ್” ಎನ್ನಲು ನಾವು ಯಾಕೆ ನಾಚಬೇಕು? ಒಳ್ಳೆಯ ವಕೀಲರು ಬೇಸರ ಮಾಡುವುದಿಲ್ಲ. ಬೇಸರ ಮಾಡುವವರ ಕಚೇರಿಯಿಂದ ಎದ್ದು ಬನ್ನಿ. ವಕಾಲತ್ತು ಖಾಲಿ ಇದ್ದರೆ ಸಹಿ ಹಾಕಬೇಡಿ. ಫೀಸನ್ನು ವಕೀಲರ ಕೈಗೇ ಕೊಡಿ, ರಶೀದಿ ಕೇಳಿ. ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅದನ್ನು ಬರೆಸಿಕೊಂಡರೆ ಕಾಲೇಜಿಗೆ ಹೋಗುವ ಮಗಳ ಮೊಬೈಲಿನಲ್ಲೇ ವಾಯಿದೆ ಯಾವಾಗ, ಆ ದಿನ ಏನಾಯಿತು ಎಂದು ನೋಡಬಹುದು. ದೊಡ್ಡಮ್ಮನ ಹತ್ತಿರ ಆ ಸಂಖ್ಯೆ ಇದ್ದಿದ್ದರೆ ಅಮೀನರು ಬರುವ ತನಕ ಸುಳ್ಳು ನಡೆಯುತ್ತಿರಲಿಲ್ಲ.

ಊರಿನ ವಕೀಲರೇ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ, ಬೆಂಗಳೂರಿನಲ್ಲಿ ದೊಡ್ಡ ದೊಡ್ಡವರಿಲ್ಲವೇ ಎನ್ನುತ್ತಾರೆ. ಇದ್ದಾರೆ. ಆದರೆ ಕುಮ್ಕಿ ಎಂದರೆ ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಫಸಲಿ 1276ಕ್ಕಿಂತ ಹಿಂದಿನ ಕದಿಮ ವರ್ಗದ ಸುತ್ತ ನೂರು ಗಜದ ಸರಕಾರಿ ಜಾಗೆಯಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು. ಇದು ಮದ್ರಾಸು ಕಾಲದಿಂದ ಬಂದ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಉಳಿದುಕೊಂಡ ನಮ್ಮ ಜಿಲ್ಲೆಯ ವ್ಯವಹಾರ. ಅಳಿಯಸಂತಾನ ಕುಟುಂಬದ ಪಾಲಿನ ದಾವೆಗೆ 1949ರ ಮದ್ರಾಸು ಕಾಯ್ದೆ ಮತ್ತು 1956ರ ಉತ್ತರಾಧಿಕಾರ ಕಾಯ್ದೆ ಎರಡನ್ನೂ ಜೋಡಿಸಿ ಓದಬೇಕು. ಮೂಲಗೇಣಿಯ ಕತೆ ಬೇರೆಯೇ. ಬೆಳುವಾಯಿಯವರು 1997ರಲ್ಲಿ ಉಡುಪಿ ಜಿಲ್ಲೆ ಆಗುವ ತನಕ ಕಾರ್ಕಳ ತಾಲೂಕಿನವರು, ಆಮೇಲೆ ಮಂಗಳೂರು ತಾಲೂಕಿನವರು, ಈಗ ಮೂಡುಬಿದಿರೆ ತಾಲೂಕಿನವರು. ಒಂದೇ ಅಡಿಕೆ ತೋಟದ ಹಳೆಯ ಕಾಗದ ಯಾವ ಕಚೇರಿಯ ಕಪಾಟಿನಲ್ಲಿದೆ ಎಂಬುದು ಇಲ್ಲಿ ಓಡಾಡಿದವರಿಗೆ ಮಾತ್ರ ತಿಳಿಯುತ್ತದೆ.

ಅದಕ್ಕಿಂತ ಹೆಚ್ಚು, ನಮ್ಮ ಸಾಕ್ಷಿಗಳು ತುಳು ಮಾತನಾಡುವವರು. ಅವರು ತುಳುವಿನಲ್ಲಿ ಹೇಳಿದ್ದು ಕನ್ನಡದಲ್ಲಿ ದಾಖಲಾಗುತ್ತದೆ, ಮೇಲಿನ ಕೋರ್ಟಿಗೆ ಹೋದಾಗ ಇಂಗ್ಲಿಷ್ ಆಗುತ್ತದೆ. ಮೊದಲ ಮೆಟ್ಟಿಲಲ್ಲೇ “ಹಾಗಲ್ಲ ಸ್ವಾಮಿ, ಸಾಕ್ಷಿ ಹೇಳಿದ್ದು ಹೀಗೆ” ಎಂದು ಎದ್ದು ನಿಲ್ಲುವ ವಕೀಲರು ಬೇಕು.

ವಕೀಲರಿಲ್ಲದೆ ನಿಂತ ಇತಿಹಾಸ ನಮಗೆ ಹೊಸದಲ್ಲ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರು ಮುಖ್ಯಮಂತ್ರಿ, ನಮ್ಮ ಜಿಲ್ಲೆಯ ಸುಬ್ಬಯ್ಯ ಶೆಟ್ಟರು ಆ ಖಾತೆಯನ್ನು ನೋಡಿದ ಮಂತ್ರಿ. ಚಾಲಗೇಣಿ ಒಕ್ಕಲುಗಳು 7ನೇ ನಂಬರಿನ ಡಿಕ್ಲರೇಶನ್ ಕೊಟ್ಟು ಭೂನ್ಯಾಯ ಮಂಡಳಿಯ ಎದುರು ನಿಂತರು. ಕಾಯ್ದೆಯ 48ನೇ ಕಲಮಿನ 8ನೇ ಉಪಕಲಮು ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ ಎಂದಿತು. ದುಡ್ಡಿದ್ದ ಧಣಿ ದೊಡ್ಡ ವಕೀಲರನ್ನು ತಂದು ಒಕ್ಕಲನ್ನು ತುಳಿಯಬಾರದು ಎಂಬುದು ಸದುದ್ದೇಶ. ನಾನು ಆ ಕಾಯ್ದೆಯ ಋಣದಲ್ಲಿ ಬೆಳೆದ ಮನೆಯವನು, ಅದನ್ನು ಲಘುವಾಗಿ ಆಡುವವನಲ್ಲ. ಆದರೆ ಧಣಿಗೆ ಮಂಡಳಿಯ ಒಳಗೆ ವಕೀಲರೇ ಬೇಕಿರಲಿಲ್ಲ. ಕಾಗದ ಅವರಲ್ಲಿತ್ತು, ಪಟೇಲ ಶಾನುಭೋಗರ ಪರಿಚಯ ಅವರಿಗಿತ್ತು. ಗೇಣಿ ಚೀಟಿ ಕೊಡದೆ ಗೇಣಿ ಎತ್ತಿದವರು ‘ಚೀಟಿ ಎಲ್ಲಿ’ ಎಂದು ಕೇಳಿದಾಗ ಒಕ್ಕಲಿನ ಪರ ಮಾತಾಡುವವರು ಇರಲಿಲ್ಲ. ತೀರ್ಪು ಒಕ್ಕಲಿನ ಪರ ಬಂದಲ್ಲಿ ಧಣಿಗಳು ಬೆಂಗಳೂರಿಗೆ ಹೋಗಿ ರಿಟ್ ಹಾಕಿದರು, ಅಲ್ಲಿ ವಕೀಲರಿಗೆ ನಿಷೇಧ ಇರಲಿಲ್ಲ. ಆ 8ನೇ ಉಪಕಲಮು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1987ರಲ್ಲಿ, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ. ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು.

ವಕೀಲರು ಇದ್ದಾಗ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲೂಕಿನ ಕುತ್ಲೂರು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಊರು. ಅಲ್ಲಿಯ ಆದಿವಾಸಿ ಹುಡುಗ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. 2012ರ ಮಾರ್ಚಿನಲ್ಲಿ ಅವರನ್ನೂ ಅವರ ತಂದೆ ಲಿಂಗಪ್ಪ ಮಲೆಕುಡಿಯರನ್ನೂ ನಕ್ಸಲರ ನಂಟಿನ ಆರೋಪ ಹೊರಿಸಿ ಬಂಧಿಸಿದರು. ರಾಜದ್ರೋಹ, ಯುಎಪಿಎ. ಪೊಲೀಸರು ತೋರಿಸಿದ ಸಾಕ್ಷ್ಯದಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸವಲತ್ತು ಕೊಡುವ ತನಕ ಚುನಾವಣೆ ಬಹಿಷ್ಕರಿಸುತ್ತೇವೆ ಎಂಬ ಪತ್ರ ಸೇರಿದ್ದವು. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಆ ಅಪ್ಪ ಮಗ ಕುತ್ಲೂರಿನ ಕಾಡಿನಿಂದ ಇಳಿದು ಕೋರ್ಟಿಗೆ ಬಂದರು. ಅವರ ಪರ ನಿಂತವರು ವಕೀಲ ದಿನೇಶ್ ಹೆಗ್ಡೆ ಉಳೇಪಾಡಿ, ಈ ಮಣ್ಣಿನವರೇ. 2021ರ ಅಕ್ಟೋಬರ್ 21ರಂದು ಮಂಗಳೂರಿನ ಜಿಲ್ಲಾ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತ ಮಾಡಿತು. ಪುಸ್ತಕ ಇಟ್ಟುಕೊಳ್ಳುವುದು, ಪತ್ರಿಕೆ ಓದುವುದು ಅಪರಾಧವಲ್ಲ ಎಂದಿತು. ವಕೀಲರು ಸಿಗದೆ ಹೋಗಿದ್ದರೆ? ಅವರೂ ಪರ್ಸೆಂಟೇಜಿನ ಜಗಲಿ ಹತ್ತಿದ್ದರೆ? ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಇಂಥ ಆರೋಪಿಗಳ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಠರಾವು ಮಾಡಿದ ವಕೀಲರ ಸಂಘಗಳು ಇದೇ ಕರ್ನಾಟಕದಲ್ಲಿವೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಆಯಿತು, ಮೈಸೂರಿನಲ್ಲಿ ಫಲಕ ಹಿಡಿದ ಹುಡುಗಿಯ ವಿಷಯದಲ್ಲಿ ಆಯಿತು. ಅಂಥ ಠರಾವು ಶೂನ್ಯ, ಅದಕ್ಕೆ ಬೆಲೆ ಇಲ್ಲ ಎಂದು 2010ರಲ್ಲೇ ತಮಿಳುನಾಡಿನ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ಕಾನೂನು ಓದಿದವರೇ ಅದನ್ನು ಮರೆತರು. ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ. ಅದನ್ನು ಕಿತ್ತುಕೊಳ್ಳಲು ಯಾವ ಸಂಘದ ಕೈಯೆತ್ತುವಿಕೆಗೂ ಅಧಿಕಾರವಿಲ್ಲ.

ವಕೀಲರು ಮೋಸ ಮಾಡಿದರೆ ಎಲ್ಲಿಗೆ ಹೋಗುವುದು? ಡಾಕ್ಟರು ತಪ್ಪು ಮಾಡಿದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, 1995ರಿಂದ ಆ ಬಾಗಿಲು ತೆರೆದಿದೆ. ವಕೀಲರ ಸೇವೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಾಗಾದರೆ ಉಳಿದದ್ದು ವಕೀಲರ ಕಾಯ್ದೆಯ 35ನೇ ಕಲಮಿನ ದೂರು, ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ. ವಿಚಾರಣೆ ನಡೆಸುವವರೂ ವಕೀಲರೇ. ರಾಜ್ಯದ ಶಿಸ್ತು ಸಮಿತಿ ಒಂದು ವರ್ಷದೊಳಗೆ ಮುಗಿಸದಿದ್ದರೆ ದೂರು ದಿಲ್ಲಿಯ ಭಾರತೀಯ ಪರಿಷತ್ತಿಗೆ ಹೋಗುತ್ತದೆ. ಮೂಡುಬಿದಿರೆಗೆ ಹೋಗಿ ಬರಲು ಒಂದು ದಿನದ ಮಜೂರಿ ಬಿಡಬೇಕಾದ ಹೆಂಗಸು ಘಟ್ಟ ಹತ್ತಿ ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ ಹೇಗೆ ಹೋಗಬೇಕು? ಧಾರವಾಡ, ಕಲಬುರಗಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು. ಕರಾವಳಿಗೂ ಪೀಠ ಬೇಕು ಎಂದು ಮಂಗಳೂರಿನ ವಕೀಲರು ಕೇಳುತ್ತಿರುವುದು ನ್ಯಾಯ. ಅದೇ ಉಸಿರಿನಲ್ಲಿ ಶಿಸ್ತು ಸಮಿತಿಯೂ ಮಂಗಳೂರಿಗೆ ಬಂದು ಕೂರಲಿ ಎಂದು ಅವರು ಕೇಳಲಿ.

ಫೈಲು ಕೊಡದೆ ಸತಾಯಿಸುವವರ ವಿಷಯವೂ ಇದೆ. ಬಾಕಿ ಫೀಸು ಕೊಡದೆ ಕಾಗದ ಬಿಡುವುದಿಲ್ಲ ಎನ್ನುವ ಹಕ್ಕು ಯಾವ ವಕೀಲರಿಗೂ ಇಲ್ಲ, 2000ದಲ್ಲಿ ಸಕ್ಸೇನಾ ಪ್ರಕರಣದಲ್ಲಿ ಅದು ಇತ್ಯರ್ಥವಾಗಿದೆ. ಹಳೆಯ ವಕೀಲರು ಒಪ್ಪಿಗೆ ಕೊಡದಿದ್ದರೆ ಕೋರ್ಟಿಗೆ ಹೇಳಿ ಹೊಸಬರನ್ನು ಇಟ್ಟುಕೊಳ್ಳಬಹುದು. ಫೈಲು ನಿಮ್ಮದು.

ವಕೀಲರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅಸ್ಪೃಶ್ಯರ ಮಕ್ಕಳಿಗಾಗಿ ಹತ್ತೊಂಬತ್ತನೇ ಶತಮಾನದಲ್ಲೇ ಶಾಲೆ ತೆರೆದು, ಸ್ವಂತ ಜಾತಿಯ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರು ಮಂಗಳೂರಿನ ವಕೀಲರೇ. 1973ರಲ್ಲಿ ತಮ್ಮನ್ನು ಹಿಂದಿಕ್ಕಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಎದ್ದುಬಂದ ಕೆ.ಎಸ್. ಹೆಗ್ಡೆಯವರು ಕಾರ್ಕಳ ಕಡೆಯವರು. ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಹುಟ್ಟಿ ಕಾರ್ಕಳದಲ್ಲಿ ವಕೀಲಿ ಮಾಡಿದ ವೀರಪ್ಪ ಮೊಯಿಲಿಯವರು 2009ರಿಂದ 2011ರ ತನಕ ದೇಶದ ಕಾನೂನು ಮಂತ್ರಿ. ಇಷ್ಟೆಲ್ಲ ಹೆಸರು ಮಾಡಿದ ನೆಲದಲ್ಲಿ ಕೊರಗರ ಕೇರಿಯಿಂದ, ಮಲೆಕುಡಿಯರ ಮನೆಯಿಂದ, ಬೀಡಿ ಕಟ್ಟುವವರ ಮನೆಯಿಂದ ಕರಿಕೋಟು ಹಾಕಿದ ಹೆಣ್ಣುಮಕ್ಕಳು ಎಷ್ಟು ಬರಬೇಕಿತ್ತು? ಸನ್ನದು ಪಡೆಯಲು ಕಾಯ್ದೆ ಹೇಳಿದ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ರಾಜ್ಯ ರಾಜ್ಯಗಳ ಪರಿಷತ್ತುಗಳು ಅದರ ಮೇಲೆ ಸಾವಿರ ಸಾವಿರ ಸೇರಿಸಿ ವಸೂಲಿ ಮಾಡಿದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಆ ತೀರ್ಪಿನ ಮೊದಲು ಎಷ್ಟು ಬಡ ಮಕ್ಕಳು ಪದವಿ ಪಡೆದೂ ಬಾಗಿಲಲ್ಲೇ ನಿಂತರೋ! ನಮ್ಮ ಭಾಷೆಯಲ್ಲಿ ನಮ್ಮ ಕೇಸು ಕೇಳುವ ವಕೀಲರು ನಮ್ಮ ಮನೆಗಳಿಂದಲೇ ಬರಬೇಕು.

ಬೆಳುವಾಯಿ ಪಂಚಾಯತಿನ ಮುಂದಿನ ಗ್ರಾಮಸಭೆಗೆ ಅರ್ಜಿ ತಯಾರಾಗುತ್ತಿದೆ. ತಾಲೂಕು ಕಾನೂನು ಸೇವಾ ಸಮಿತಿಯ ವಿಳಾಸ, 15100 ಎಂಬ ಸಹಾಯವಾಣಿ, ಪ್ಯಾನೆಲ್ ವಕೀಲರ ಹೆಸರು ಮತ್ತು ನೋಂದಣಿ ಸಂಖ್ಯೆಗಳನ್ನು ಪಂಚಾಯತ್ ಕಚೇರಿಯ ಗೋಡೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಬೇಕು. ‘ಹೆಂಗಸರಿಗೆ ವಕೀಲರು ಉಚಿತ’ ಎಂಬ ಮೂರು ಪದ ಪ್ರತಿ ಬೀಡಿ ಬ್ರಾಂಚಿನ ಬಾಗಿಲಲ್ಲಿ ಇರಬೇಕು. ತಿಂಗಳಿಗೊಂದು ದಿನ, ಬೀಡಿ ಕೊಡುವ ಹೊತ್ತು ಕಳೆದ ಮೇಲೆ, ತುಳು ಬಲ್ಲ ಪ್ಯಾನೆಲ್ ವಕೀಲರೊಬ್ಬರು ಪಂಚಾಯತಿನಲ್ಲಿ ಕೂರಬೇಕು. ಅರ್ಜಿಗೆ ಹೆಂಗಸರೇ ಸಹಿ ಹಾಕುತ್ತಾರೆ, ದೊಡ್ಡಮ್ಮನ ಸಹಿ ಮೊದಲನೆಯದು, ಈ ಸಲ ಪೂರ್ತಿ ಓದಿಸಿ ಕೇಳಿಯೇ ಹಾಕಿದ್ದಾರೆ. ಸ್ವೀಕೃತಿಯ ಮುದ್ರೆ ಬೀಳದೆ ನಾವು ಸಭೆಯಿಂದ ಏಳುವುದಿಲ್ಲ.